ಏಳು ಗಂಟೆಯ ಪಾಳಿ

ಗುರುವಾರ, ಮಧ್ಯಾಹ್ನ ಹನ್ನೆರಡು ಗಂಟೆ, ಸರಕಾರಿ ಆಸ್ಪತ್ರೆಯ ಡಯಾಲಿಸಿಸ್ ಕೋಣೆ. ಹಾಜರಿದ್ದವರು: ಸಿಸ್ಟರ್, ನಾನು, ಪಕ್ಕದ ಮಂಚದ ಗುಮಾಸ್ತರು. ಸಿಸ್ಟರ್ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆ ಮೂಗಿಗೆ ಬಡಿದೊಡನೆ ನನ್ನ ಬಾಯಿ ವಾದಕ್ಕೆ ತಯಾರಾಗುತ್ತದೆ, ಹಾಗೆ ರೂಢಿಯಾಗಿದೆ. ಗುಮಾಸ್ತರು ಮೊಬೈಲಿನಿಂದ ತಲೆ ಎತ್ತುವವರಲ್ಲ. ಹೀಗಾಗಿ ಓದುಗರೇ, ನನ್ನ ಕೈಗೆ ನೀವು ಸಿಕ್ಕಿದ್ದೀರಿ.

ನಾನು ಶಹಾಪುರದಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಮೈದಾನ, ಸೀಟಿ. ನಿವೃತ್ತಿಯ ಮೇಲೆ ನನ್ನ ಸೀಟಿ ಕೇಳಬೇಕಾದವಳು ಹೆಂಡತಿ ಒಬ್ಬಳೇ. ಅವಳು ಕೇಳುವುದಿಲ್ಲ. ಕಿಡ್ನಿ ಕೆಟ್ಟಿತೆಂದು ತಿಳಿದಾಗ ಮನೆಯವರು ಅಬ್ಬೆತುಮಕೂರಿನ ಮಠಕ್ಕೆ ಹರಕೆ ಹೊತ್ತರು; ನಾನು ಬೆಳಗಿನ ಏಳರ ಪಾಳಿ ಕೇಳಿ ಪಡೆದೆ. ಏಳಕ್ಕೆ ಮಂಚ, ಹನ್ನೊಂದಕ್ಕೆ ಬಿಡುಗಡೆ, ಹನ್ನೆರಡಕ್ಕೆ ಊಟ. ರೋಗವನ್ನೂ ಟೈಮ್‌ಟೇಬಲ್ಲಿನೊಳಗೆ ಕೂಡಿಸಿದೆನೆಂಬ ಹೆಮ್ಮೆ ನನಗಿತ್ತು.

ಕೋಣೆಯಲ್ಲಿ ಎರಡೇ ಯಂತ್ರ. ಆಗ ಇನ್ನೊಂದರಲ್ಲಿ ಸುರಪುರದ ಖಾಜಾ ಭಾಯಿ ಮಲಗುತ್ತಿದ್ದರು. ಸೌದಿಯಲ್ಲಿ ಲಾರಿ ಓಡಿಸಿ ಬಂದವರು; ಈಗ ಮಧ್ಯಾಹ್ನದ ಮೇಲೆ ಟೈರಿನ ಅಂಗಡಿ. ಕಿಟಕಿಯಾಚೆ ಬೆಂಚಿನ ಮೇಲೆ ಶರಣಮ್ಮ ಕೂತಿರುತ್ತಿದ್ದರು. ಕೊಂಕಲ್ ದಾಟಿ ಹೋಗುವ ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಬೆಳಗಿನ ಮೊದಲ ಬಸ್ಸಿಗೆ ಬಂದು, ನಾನು ಏಳುವ ಮಂಚಕ್ಕಾಗಿ ಮಧ್ಯಾಹ್ನದ ತನಕ ಕಾಯಬೇಕಿತ್ತು. ನಾಲ್ಕು ತಾಸು ರಕ್ತ ಹೊರಗೆ ಹೋಗಿ ಒಳಗೆ ಬರುವಾಗ ಮನುಷ್ಯನಿಗೆ ಬಾಯಿ ಬಿಟ್ಟರೆ ಬೇರೆ ಕೆಲಸವಿಲ್ಲ. ನಾವು ಮೂವರೂ ದೇಶ ದೇಶಗಳ ಆಸ್ಪತ್ರೆಗಳನ್ನು ತೂಗುತ್ತಿದ್ದೆವು.

ಖಾಜಾರದು ಸೌದಿಯ ಪಕ್ಷ. "ಅಲ್ಲಿ ದವಾಖಾನಿ ಅಂದ್ರ ಮಹಲ್ ಇದ್ದಂಗ ಮಾಸ್ತರ್ ಸಾಬ್. ನೆಲದಾಗ ನಮ್ಮ ಮಾರಿ ನಮಗ ಕಾಣ್ತದ."

"ಅಷ್ಟು ಚಲೋ ಇದ್ರ ಇಲ್ಲಿ ಯಾಕ ಬಂದಿಯಪ್ಪಾ?" ಎಂದು ಕಿಟಕಿ ಕೇಳಿತು, ಅಂದರೆ ಶರಣಮ್ಮ.

"ಕಿಡ್ನಿ ಹೋತು. ಕಂಪನಿಯವ್ರು ವಿಮಾನದ ಟಿಕೆಟ್ ಕೊಟ್ರು. ಬರೋದಷ್ಟೇ, ವಾಪಸ್ ಹೋಗೋದಲ್ಲ."

ಅಮೆರಿಕಾದ ಪರ ಯಾರೂ ಇರಲಿಲ್ಲ. ಅಲ್ಲಿ ನಾಡಿಗಿಂತ ಮೊದಲು ವಿಮೆಯ ಕಾರ್ಡು ಹಿಡಿದು ನೋಡುತ್ತಾರೆಂದು ನಾನು ಹೇಳಿದ್ದೇ ಸಾಕಾಗಿತ್ತು. ನನ್ನದು ಇಂಗ್ಲೆಂಡ್. ಪೇಪರಿನಲ್ಲಿ ಓದಿದ ಬಲದ ಮೇಲೆ ನಾನೇ ಕಟ್ಟಿಸಿದವನ ಹಾಗೆ ವರ್ಣಿಸುತ್ತಿದ್ದೆ: ಸಾಹುಕಾರನಿರಲಿ, ಕೂಲಿಯವನಿರಲಿ, ಒಂದೇ ಪಾಳಿ, ಯಾರಿಗೆ ಹೆಚ್ಚು ಗರಜೋ, ಅಗತ್ಯವೋ, ಅವರು ಮೊದಲು.

"ಪಾಳಿ ಬರೋದ್ರಾಗ ಮಣ್ಣಿಗಿ ಹೋಗಿರ್ತಾರ ತಗೋರಿ" ಎಂದು ಶರಣಮ್ಮ ಎಲೆ ಮಡಚುತ್ತಿದ್ದರು. ಥಂಡಿ ದೇಶದವರಿಗೆ ಬೆವರಿಲ್ಲ, ಅದಕ್ಕೇ ರೋಗವೂ ಕಡಿಮೆ ಎಂಬುದು ಅವರ ಸಿದ್ಧಾಂತ. ಅದನ್ನು ಅಲುಗಿಸಲು ನನ್ನಿಂದ ಆಗಲೇ ಇಲ್ಲ.

ಒಂದು ಬೆಳಿಗ್ಗೆ ಅವರು ವಾದಕ್ಕೆ ಬರಲಿಲ್ಲ. ಸಿಸ್ಟರನ್ನು ಕರೆದು ಹೇಳಿದರು: "ನಮ್ಮೂರ ಕಡಿ ಐದರ ಬಸ್ ತಗದಾರ. ಎರಡೂವರೀದೇ ಕಡೀದು. ನಂದು ಮುಗಿಯೂದು ನಾಕಕ್ಕ. ಇನ್ನ ವಾರಕ್ಕ ಮೂರು ಸಲದ ಬದಲಿ ಒಂದೇ ಸಲ ಬರ್ತೀನವ್ವಾ, ಅವತ್ತ ಇಲ್ಲೇ ಬಸ್‌ಸ್ಟ್ಯಾಂಡಿನಾಗ ಮಲಗ್ತೀನಿ."

"ಒಂದ್ ಸಲಕ್ಕ ಜೀವ ನಿಲ್ಲಂಗಿಲ್ಲಕ್ಕಾ" ಎಂದರು ಸಿಸ್ಟರ್.

ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಕಿಟಕಿ ನನ್ನತ್ತ ತಿರುಗಿತು. "ಮಾಸ್ತರ್, ಯಾರಿಗಿ ಗರಜು ಅದನೋ ಅವರು ಮೊದಲು ಅಂತಿದ್ರೆಲ್ಲ. ಅದು ಇಂಗ್ಲೆಂಡಿಗಷ್ಟೇ ಏನ್ರಿ?"

"ವಿಚಾರ ಮಾಡ್ತೀನಕ್ಕಾ."

"ಮಾಡ್ರಿ. ಅಮೆರಿಕಾದಂಗ ಕಾರ್ಡ್ ತೋರಿಸ್ಲೇನು?"

ಖಾಜಾ ನಕ್ಕ ರಭಸಕ್ಕೆ ಅವರ ಯಂತ್ರ ಕೂಗಿಕೊಂಡಿತು. ಆ ವಾರವೇ ಏಳರ ಪಾಳಿ ಶರಣಮ್ಮನದಾಯಿತು, ಹನ್ನೆರಡರದು ನನ್ನದು. "ಇಂಗ್ಲೆಂಡ್ ಗೆದ್ದದ, ಮಾಸ್ತರ್ ಸೋತಾರ" ಎಂದು ಖಾಜಾ ತೀರ್ಪು ಕೊಟ್ಟರು. ಈಗ ಬೆಳಗಿನ ಹೊತ್ತು ಅವರಿಬ್ಬರದೇ ವಾದ. ಇಂಗ್ಲೆಂಡಿನ ಪರ ಮಾತಾಡುವವರು ಅಲ್ಲಿಲ್ಲ.

ಸಿಸ್ಟರ್ "ದೊಡ್ಡ ಮನಸ್ಸು ನಿಮ್ದು" ಎಂದಾಗ ನನಗೆ ಸಿಟ್ಟು ಬಂತು. ಡ್ರಿಲ್ ಮಾಸ್ತರನೊಬ್ಬನ ದೊಡ್ಡ ಮನಸ್ಸಿನ ಮೇಲೆ ಒಬ್ಬಾಕೆಯ ಜೀವ ನಿಲ್ಲಬೇಕಾದರೆ ಅದು ವ್ಯವಸ್ಥೆಯಲ್ಲ. ನಾಳೆ ನಾನಿಲ್ಲವಾದರೆ? ನಾಳೆ ಬೆಳಗಿನ ಬಸ್ಸೂ ಹೋದರೆ? ದೇಶ ದೇಶಗಳನ್ನು ತೂಗುವ ನಾವು ಮಂಚ, ಯಂತ್ರ, ಡಾಕ್ಟರರನ್ನು ತಕ್ಕಡಿಗೆ ಹಾಕಿದ್ದೆವು. ಬಸ್ಸನ್ನು ಹಾಕುವುದು ಮರೆತಿದ್ದೆವು. ಕೆಂಪು ಬಸ್ಸೂ ಆಸ್ಪತ್ರೆಯದೇ ಒಂದು ಕೋಣೆ.

ಅಂದಿನಿಂದ ನನ್ನ ಟೈಮ್‌ಟೇಬಲ್ಲಿಗೆ ಹೊಸದೊಂದು ಸೇರಿತು: ಮಂಚ ಬಿಟ್ಟ ಮೇಲೆ, ಐದರ ಬಸ್ ತಿರುಗಿ ಬಿಡಿರೆಂದು ಕೇಳಲು ಬಸ್ ನಿಲ್ದಾಣದ ಕಂಟ್ರೋಲರರ ಭೇಟಿ. ಮೊದಮೊದಲು ಅವರು ಚಹಾ ತರಿಸುತ್ತಿದ್ದರು. ಆಮೇಲೆ ಚಹಾ ನಿಂತಿತು.

ಇವತ್ತು ನಾಲ್ಕಕ್ಕೆ ಮಂಚ ಬಿಟ್ಟು ಹೋದಾಗ ಅವರು ಬೇಸತ್ತು ಅಂದೇಬಿಟ್ಟರು: "ದವಾಖಾನಿ ಪುಕ್ಕಟೆ, ಹೆಣ್ಮಕ್ಕಳಿಗಿ ಬಸ್ಸೂ ಪುಕ್ಕಟೆ. ಟೈಮೂ ನಿಮ್ಮ ಮನಸ್ಸಿಗಿ ಬಂದಂಗ ಬೇಕೇನ್ರಿ ಮಾಸ್ತರ್?"

"ಬೇಕು. ಪುಕ್ಕಟೆ ಅನ್ನಬ್ಯಾಡ್ರಿ. ಶರಣಮ್ಮನ ಅಂಗಡ್ಯಾಗಿನ ಒಂದೊಂದು ಸಾಬೂನಿನ ಮ್ಯಾಲೂ ಸರಕಾರಕ್ಕ ತೆರಿಗಿ ಹೋಗ್ಯಾದ. ನಮ್ಮ ರೊಕ್ಕದಾಗ ನಮಗ ಕೊಡೋದಕ್ಕ ಪುಕ್ಕಟೆ ಅಂತಾರೇನು?"

"ಮಂದಿ ಇಲ್ರಿ ಆ ಟೈಮಿಗಿ. ಖಾಲಿ ಬಸ್ ಹ್ಯಾಂಗ ಓಡಿಸ್ಲಿ?"

ನಾನು ಹೊರಗೆ ಬಂದೆ. ನಾಲ್ಕು ತಾಸಿನ ಮೇಲೆ ಕಾಲಿನಲ್ಲಿ ಕಸುವಿರುವುದಿಲ್ಲ. ಕಂಬ ಹಿಡಿದು ನಿಂತೆ. ಬೇವಿನ ಗಿಡದ ಕೆಳಗೆ ಆ ದಾರಿಯ ಜನ ಟಂಟಂ ಆಟೋ ಕಾಯುತ್ತ ಚದುರಿ ಕೂತಿದ್ದರು. ಸಂತೆ ಚೀಲದವರು, ಕೂಸು ಎತ್ತಿಕೊಂಡವರು, ಕಾಲೇಜಿನ ಹುಡುಗಿಯರು. ಟಂಟಂ ಅವರನ್ನು ಕ್ರಾಸಿನಲ್ಲಿ ಇಳಿಸುತ್ತದೆ, ಅಲ್ಲಿಂದ ನಡಿಗೆ. ರಕ್ತ ತೊಳೆಸಿಕೊಂಡ ದಿನ ಆ ನಡಿಗೆ ಶರಣಮ್ಮನಿಂದ ಆಗದು.

"ಏಳ್ರಿ" ಎಂದೆ. "ಪ್ಲಾಟ್‌ಫಾರ್ಮಿಗಿ ಬಂದು ಪಾಳಿ ಹಚ್ರಿ."

"ಬಸ್ ಎಲ್ಲಿ ಅದರಿ ಅಜ್ಜಾ?" ಎಂದಳು ಕೂಸಿನ ತಾಯಿ.

"ಬಸ್ ಇಲ್ಲ. ಪಾಳಿ ಹಚ್ರಿ."

ಹುಡುಗಿಯರು ನಗುತ್ತ ಮೊದಲು ಎದ್ದರು. ಉಳಿದವರು ಹಿಂದೆ ಬಂದರು. ಎತ್ತರ ನೋಡಿ ನಿಲ್ಲಿಸಿದೆ, ಒಂದು ತೋಳಿನ ಅಂತರ ಕೊಡಿಸಿದೆ. ಐದು ಹೊಡೆಯುವಾಗ ಸಾಲು ಕಂಟ್ರೋಲರರ ಬಾಗಿಲಿನ ತನಕ ಬಂದಿತ್ತು. ಅವರು ಹೊರಗೆ ಬಂದರು, ಕಣ್ಣಿನಲ್ಲೇ ಎಣಿಸಿದರು, ಒಳಗೆ ಹೋಗಿ ಫೋನ್ ಎತ್ತಿದರು.

ಬಸ್ಸು ಬರಲಿಲ್ಲ. ಎಲ್ಲರನ್ನೂ ಟಂಟಂ ಹತ್ತಿಸಿ, ಶನಿವಾರ ಐದು ನಿಮಿಷ ಮುಂಚೆ ಸಾಲು ನಿಲ್ಲಬೇಕೆಂದು ಹೇಳಿ, ಮನೆಗೆ ಬಂದೆ.