ಎಸಿ ಭಾಯಿಗೆ ಬಿದ್ದ ಹನ್ನೊಂದು ಓಟು

ಅವರ ಬಲಗೈಯ ಎರಡು ಬೆರಳ ತುದಿಗಳು ಸುಣ್ಣ ಮೆತ್ತಿದಂತೆ ಬೆಳ್ಳಗಿದ್ದವು. ಕಾರಿನ ಎಸಿಗೆ ತುಂಬುವ ಗ್ಯಾಸು ತಾಗಿ ಸುಟ್ಟ ಗುರುತು. ಯಾರ ಮನೆಗೆ ಹೋದರೂ ಆ ಕೈಯನ್ನು ಮೊದಲು ಗೋಡೆಯ ಎಸಿಯ ಮುಂದೆ ಅಂಗೈ ಬಿಚ್ಚಿ ಹಿಡಿಯುತ್ತಿದ್ದರು. ಮನೆಯವರ ಕೈ ಕುಲುಕುವುದು ಆಮೇಲೆ. ಒಂದು ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಮದುಮಕ್ಕಳ ತಲೆಯ ಮೇಲೆ ಹೀಗೇ ಕೈ ಎತ್ತಿ ನಿಂತರು. ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆಂದು ಮದುಮಗ ಕಾಲಿಗೆ ಬಗ್ಗಿದ. ಇವರು ಅವನ ಕಡೆ ನೋಡದೆಯೇ, "ಗ್ಯಾಸ್ ಕಮ್ಮಿ ಉಂಟು" ಎಂದರು.

ನಾವೆಲ್ಲ ಅವರನ್ನು ಎಸಿ ಭಾಯಿ ಎಂದೇ ಕರೆಯುತ್ತಿದ್ದೆವು. ದಕ್ಷಿಣ ಕನ್ನಡದ ಬ್ಯಾರಿ. ಕುವೈತಿನ ಶುವೈಖಿನಲ್ಲಿ ಕಾರಿನ ಎಸಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದರು. ಖೈತಾನಿನ ಒಂದೇ ಕಟ್ಟಡದಲ್ಲಿ ಅವರು ಎರಡನೇ ಮಹಡಿ, ನಾವು ಮೂರನೇ ಮಹಡಿ. ನಾನು ಬಿಜಾಪುರದ ಕಡೆಯವನು, ಕಂಪನಿಯೊಂದರಲ್ಲಿ ಇಂಜಿನಿಯರ್. ಅವರ ಮಗಳೂ ನನ್ನ ಮಗಳೂ ಒಂದೇ ಭಾರತೀಯ ಶಾಲೆಗೆ, ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು.

ಆ ಬಸ್ಸೇ ಎಲ್ಲಕ್ಕೂ ಕಾರಣ. ಸೆಪ್ಟೆಂಬರಿನ ಮಧ್ಯಾಹ್ನ ಆ ಬಸ್ಸಿನಿಂದ ಇಳಿಯುವ ಮಕ್ಕಳು ಬೇಯಿಸಿ ತೆಗೆದ ಗೆಣಸಿನಂತೆ ಕಾಣುತ್ತಿದ್ದವು. ನನ್ನ ಮಗಳಿಗೆ ವಾರಕ್ಕೆರಡು ಸಲ ಮೂಗಿನಿಂದ ರಕ್ತ. ಶಾಲೆಗೆ ಹೋಗಿ ಕೇಳಿದರೆ, ಎಸಿ ಸರಿಯಿದೆ, ಹೊರಗಡೆಯೇ ಬಿಸಿಲು ಜಾಸ್ತಿ ಎಂದು ಗುಮಾಸ್ತರು ಹೇಳಿದರು. ಎಸಿ ಭಾಯಿ ಒಂದು ದಿನ ಬಸ್ಸು ಹತ್ತಿ ಕೈ ಹಿಡಿದು ನೋಡಿ, ಕೆಳಗಿಳಿದು, "ಇದು ಎಸಿ ಅಲ್ಲ ಸಾರ್, ಹೇರ್ ಡ್ರೈಯರ್" ಎಂದರು. ಅದೇ ವಾರ ಶಾಲೆಯ ಆಡಳಿತ ಮಂಡಳಿಗೆ ಪೋಷಕರ ಪ್ರತಿನಿಧಿಯ ಚುನಾವಣೆ ಘೋಷಣೆಯಾಯಿತು. ಇವರು ಗ್ಯಾರೇಜಿನ ಅಂಗಿಯಲ್ಲೇ ಹೋಗಿ ನಾಮಪತ್ರ ಕೊಟ್ಟು ಬಂದರು.

ಎದುರಾಳಿ ನಮ್ಮ ಕಂಪನಿಯ ಮ್ಯಾನೇಜರು. ನನ್ನ ಮೇಲಧಿಕಾರಿ. ಸದಾ ಟೈ, ನುಣುಪು ಕಾಗದದ ಕರಪತ್ರ, ನಾಲ್ಕು ಬಣ್ಣದ ಫೋಟೋ. ಅವರ ಮಕ್ಕಳು ಅವರದೇ ಕಾರಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಅಭ್ಯರ್ಥಿಗಳ ಭಾಷಣದ ದಿನ ಅವರು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಶಿಕ್ಷಣದ ಭವಿಷ್ಯದ ಬಗ್ಗೆ ಮಾತಾಡಿದರು. ಆ ಭವಿಷ್ಯದಲ್ಲಿ ಬಸ್ಸು ಇರಲಿಲ್ಲ. ಎಸಿ ಭಾಯಿ ಎದ್ದು ನಿಂತು, ಸಭಾಂಗಣದ ಎಸಿಯ ಸದ್ದನ್ನು ಒಂದು ಗಳಿಗೆ ತಲೆ ವಾಲಿಸಿ ಕೇಳಿ, ಬೇಸರದಿಂದ ತಲೆ ಅಲ್ಲಾಡಿಸಿ, ತಮ್ಮ ಗ್ಯಾರೇಜಿನ ಹಿಂದಿಯಲ್ಲಿ ಹೇಳಿದರು: "ಬಸ್ ಮೇಂ ಬಚ್ಚಾ ಗರಮ್ ಹೈ. ಮೈ ಠಂಡಾ ಕರೇಗಾ. ಖಲಾಸ್." ಚಪ್ಪಾಳೆ ನಿಲ್ಲಲು ಎರಡು ನಿಮಿಷ ಬೇಕಾಯಿತು.

ಪ್ರಚಾರದ ಮುಂದಾಳು ನನ್ನ ಹೆಂಡತಿ. ಒಂದು ಕುಟುಂಬಕ್ಕೆ ಒಂದೇ ಓಟು, ಅದೂ ಶಾಲೆಯ ದಾಖಲೆಯಲ್ಲಿ ಹೆಸರಿರುವ ಅಪ್ಪನಿಗೆ. ಹಾಗಾಗಿ ಅವಳಿಗೆ ಓಟಿರಲಿಲ್ಲ, ಉತ್ಸಾಹ ಮಾತ್ರ ಇಡೀ ಕಟ್ಟಡಕ್ಕೆ ಸಾಲುವಷ್ಟಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮನೆಮನೆಗೆ ಹೋದಳು. "ಅಣ್ಣಾರ, ನೀವು ಬಾಯಿ ಬಿಡಬ್ಯಾಡ್ರಿ, ನಾ ಮಾತಾಡ್ತೀನಿ" ಎಂದು ಅಭ್ಯರ್ಥಿಗೇ ತಾಕೀತು ಮಾಡಿದಳು. ಅದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಅವರು ಓಟು ಕೇಳುವುದನ್ನು ಮರೆತು ಮನೆಯವರ ಎಸಿ ಬಿಚ್ಚಿ ಕೂರುತ್ತಿದ್ದರು. ಒಂದು ಮನೆಯಲ್ಲಿ ಹಾಗೆ ಕೂತೂ ಬಿಟ್ಟರು; ಆ ಮನೆಯವರಿಗೆ ಮಕ್ಕಳೇ ಇರಲಿಲ್ಲ.

ಈ ಓಡಾಟದಲ್ಲಿ ಇನ್ನೊಂದು ಕೆಲಸ ಅವರ ತಲೆಗೆ ಬಂತು. ಖೈತಾನಿನ ನಮ್ಮವರ ಕಾರುಗಳೆಲ್ಲ ಹಳೆಯವು. ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ಕಾರಿನ ನೋಂದಣಿ ನವೀಕರಿಸುವುದೆಂದರೆ ಎಲ್ಲರಿಗೂ ತಲೆನೋವು. ಎಸಿ ಭಾಯಿಯ ಗ್ಯಾರೇಜಿಗೆ ಒಬ್ಬ ಈಜಿಪ್ಟಿನ ಮಂದೂಬ್ ಇದ್ದ. ಸರಕಾರಿ ಕಚೇರಿಗಳ ಕೆಲಸಕ್ಕೆಂದೇ ಓಡಾಡುವ ಮನುಷ್ಯ. "ಸಿವಿಲ್ ಐಡಿ ಕೊಡಿ, ನಮ್ಮ ಮಂದೂಬ್ ಮಾಡಿಸ್ತಾನೆ. ಓಟಿಗಲ್ಲ ಮಾರಾಯ್ರೆ, ಸುಮ್ಮನೆ" ಎನ್ನುತ್ತ ಇವರು ಮನೆಮನೆಯಲ್ಲೂ ಆ ಗುರುತಿನ ಕಾರ್ಡು ತೆಗೆದುಕೊಂಡರು. ತಮ್ಮದನ್ನೂ ಅದೇ ಕಟ್ಟಿಗೆ ಸೇರಿಸಿದರು. ನನ್ನದು ಕಂಪನಿಯ ಕಾರು, ಆ ಕೆಲಸ ಕಂಪನಿಯದು. ನನ್ನ ಕಾರ್ಡು ನನ್ನ ಜೇಬಿನಲ್ಲೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮತದಾನ. ಎಸಿ ಭಾಯಿಯ ಬೆಂಬಲಿಗರು ಮೊದಲೇ ಬಂದು ಸಾಲು ನಿಂತಿದ್ದರು. ಸಾಲು ಶಾಲೆಯ ಗೇಟು ದಾಟಿ ಬೀದಿಗೆ ಬಂದಿತ್ತು. ನನ್ನ ಹೆಂಡತಿ ಗೆದ್ದೇಬಿಟ್ಟೆವೆಂದು ಬೇಸನ್ ಉಂಡಿಯ ಡಬ್ಬಿ ತಂದಿದ್ದಳು. ಮೇಜಿನ ಹಿಂದೆ ಕೂತಿದ್ದ ಮೇಡಂ ಮೊದಲನೆಯವರ ಮುಖ ನೋಡಿ, "ಸಿವಿಲ್ ಐಡಿ ಪ್ಲೀಸ್" ಎಂದರು.

ಮೊದಲನೆಯವರು ಜೇಬು ಮುಟ್ಟಿಕೊಂಡು ಹಿಂದಿನವರ ಕಡೆ ತಿರುಗಿದರು. ಹಿಂದಿನವರು ಅವರ ಹಿಂದಿನವರ ಕಡೆ ತಿರುಗಿದರು. ಹೀಗೆ ಇಡೀ ಸಾಲು ತಿರುಗಿ ಕೊನೆಗೆ ಗೇಟಿನ ಬಳಿ ನಗುತ್ತ ನಿಂತಿದ್ದ ಎಸಿ ಭಾಯಿಯನ್ನು ನೋಡಿತು. ಅವರ ನಗು ನಿಧಾನವಾಗಿ ಇಳಿಯಿತು. "ಯಾ ಅಲ್ಲಾ" ಎಂದವರೇ ಕಾರು ಹತ್ತಿ ಶುವೈಖಿಗೆ ಓಡಿದರು. ಕಾರ್ಡುಗಳಿದ್ದ ಡ್ರಾಯರಿಗೆ ಬೀಗ. ಬೀಗದ ಕೈ ಮಂದೂಬನ ಬಳಿ. ಮಂದೂಬ್ ರಜೆಯೆಂದು ಸಮುದ್ರಕ್ಕೆ ಮೀನು ಹಿಡಿಯಲು ಹೋಗಿದ್ದ. ಅವನ ಪೇಜರಿಗೆ ಸಂದೇಶ ಕಳಿಸಿದರೆ ಅದು ಅದೇ ಡ್ರಾಯರಿನೊಳಗೆ ಕುಂಯ್‌ಗುಟ್ಟಿತಂತೆ.

ಬೆಂಬಲಿಗರಲ್ಲಿ ಕಾರ್ಡು ಕೈಯಲ್ಲಿದ್ದವರು ಹನ್ನೆರಡು ಜನ. ನಾನೂ ಒಬ್ಬ. ಸಂಜೆ ಲೆಕ್ಕವಾದಾಗ ಮ್ಯಾನೇಜರಿಗೆ ನೂರಾರು ಓಟು, ಎಸಿ ಭಾಯಿಗೆ ಹನ್ನೊಂದು.

ಆ ಹನ್ನೆರಡನೆಯ ಓಟು ನನ್ನದು. ಮತದಾನಕ್ಕೆ ಮುಂಚಿನ ಬುಧವಾರ ಮ್ಯಾನೇಜರು ನನ್ನನ್ನು ಕರೆಸಿ, ಚಹಾ ತರಿಸಿ, "ನಿಮ್ಮ ಇಕಾಮಾ ಮುಂದಿನ ತಿಂಗಳು ರಿನ್ಯೂ ಆಗಬೇಕಲ್ಲವೇ?" ಎಂದು ಕೇಳಿದ್ದರು. ಚುನಾವಣೆಯ ಸುದ್ದಿಯನ್ನೇ ಎತ್ತಲಿಲ್ಲ. ಇಕಾಮಾ ಎಂದರೆ ಕಂಪನಿ ಮಾಡಿಸಿಕೊಡುವ ವಾಸದ ಪರವಾನಗಿ. ಅದು ಹೋದರೆ ಕೆಲಸ ಹೋಯಿತು, ಮನೆ ಹೋಯಿತು, ಮಗಳ ಶಾಲೆಯೂ ಹೋಯಿತು. ಓಟು ಗುಪ್ತವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಚೀಟಿಗೆ ಗುರುತು ಹಾಕುವಾಗ ಮ್ಯಾನೇಜರು ಎದುರಿನ ಬೆಂಚಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ನನ್ನ ಕೈ ತಾನಾಗಿಯೇ ಅವರ ಹೆಸರಿನ ಮುಂದೆ ಹೋಯಿತು. ಕೈಯ ಮೇಲೆ ತಪ್ಪು ಹಾಕುತ್ತಿದ್ದೇನೆ, ನೋಡಿ. ಇವತ್ತಿಗೂ ಬುದ್ಧಿ ಬಂದಿಲ್ಲ.

ಫಲಿತಾಂಶ ಕೇಳಿ ಹೆಂಡತಿ ಶಾಲೆಯ ಅಂಗಳದಲ್ಲೇ ಗುಡುಗಿದಳು. "ಹನ್ನೆರಡು ಮಂದಿ ಒಳಗ ಹೋದ್ರು, ಹನ್ನೊಂದ ಬಿತ್ತು. ಯಾವನವಾ ಅವ? ಅವನ ಕೈಗೆ ಲಕ್ವಾ ಹೊಡೀಲಿ!" ನಾನು ಉಂಡಿ ತಿನ್ನುತ್ತಿದ್ದೆ. ಗಂಟಲಲ್ಲಿ ಸಿಕ್ಕಿಕೊಂಡಿತು. ಎಸಿ ಭಾಯಿ ನನಗೆ ನೀರು ತಂದು ಕೊಟ್ಟು, "ಬಿಡಿ ಅಕ್ಕ, ಯಾರೋ ಗಡಿಬಿಡಿಯಲ್ಲಿ ತಪ್ಪು ಕಡೆ ಗುರುತು ಹಾಕಿರ್ಬೇಕು" ಎಂದರು. ಮುಂದೆ ವರ್ಷಗಟ್ಟಲೆ, ರೊಟ್ಟಿ ಬಡಿಯುವಾಗಲೆಲ್ಲ ಅವಳು ಆ ಹನ್ನೆರಡನೆಯವನಿಗೆ ಶಾಪ ಹಾಕುತ್ತಿದ್ದಳು. ನಾನು ಆ ರೊಟ್ಟಿಯನ್ನು ತೆಪ್ಪಗೆ ತಿನ್ನುತ್ತಿದ್ದೆ.

ಸೋತ ಮರುವಾರವೇ ಎಸಿ ಭಾಯಿ ಬಸ್ ಡ್ರೈವರುಗಳ ಸ್ನೇಹ ಮಾಡಿದರು. ಶುಕ್ರವಾರದ ನಮಾಜು ಮುಗಿದ ಮೇಲೆ ಒಂದೊಂದೇ ಬಸ್ಸು ಶುವೈಖಿನ ಗ್ಯಾರೇಜಿಗೆ ಬರತೊಡಗಿತು. ಮೊದಲು ಬಂದದ್ದು ನಮ್ಮ ಮಕ್ಕಳ ಬಸ್ಸು. ಆಡಳಿತ ಮಂಡಳಿಗೆ ಇದೊಂದೂ ಗೊತ್ತಿರಲಿಲ್ಲ. ತಿಂಗಳೊಳಗೆ ನನ್ನ ಮಗಳ ಮೂಗಿನ ರಕ್ತ ನಿಂತಿತು. ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಆ ಹುಡುಗಿ, ಬಸ್ಸಿನಲ್ಲಿ ವಿಪರೀತ ಚಳಿ, ಸ್ವೆಟರ್ ಬೇಕು ಎಂದು ರಗಳೆ ತೆಗೆದಳು. ವರ್ಷದ ಕೊನೆಯ ಸಭೆಯಲ್ಲಿ ಮ್ಯಾನೇಜರು ತಮ್ಮ ಸಾಧನೆಗಳ ಪಟ್ಟಿಯಲ್ಲಿ ಬಸ್ಸಿನ ತಂಪನ್ನೂ ಓದಿದರು. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಎಸಿ ಭಾಯಿ.

ಎಷ್ಟೋ ವರ್ಷಗಳ ನಂತರ ಅವರು ಕುವೈತ್ ಬಿಟ್ಟು ಊರಿಗೆ ಹೊರಟರು. ಹೊರಡುವ ಮುನ್ನ ನಾನು ಗ್ಯಾರೇಜಿಗೆ ಹೋಗಿ, ಧೈರ್ಯ ಮಾಡಿ, "ಭಾಯಿ, ಆ ಓಟು..." ಎಂದೆ.

"ನಂಗೆ ಅವತ್ತೇ ಗೊತ್ತಿತ್ತು ಮಾರಾಯ್ರೆ" ಎಂದರು, ಕೈ ಒರೆಸಿಕೊಳ್ಳುತ್ತ. "ನಂಗೆ ಓಟು ಹಾಕಿದ ಹನ್ನೊಂದು ಜನವೂ ಬಂದು ಬೈದ್ರು. ಕಾರ್ಡು ತಕ್ಕೊಂಡು ಮಾನ ಕಳೆದ್ರಿ ಅಂತ. ಬೈಯದೆ ಸಮಾಧಾನ ಹೇಳಿದ್ದು ನೀವು ಒಬ್ರೇ."

ಅವರೇ ನನ್ನ ಬೆನ್ನು ತಟ್ಟಿದರು. "ಎಂಥ ಮಾಡುದು ಸಾರ್, ಇಕಾಮಾ ಅಂದ್ರೆ ತಮಾಷೆಯಾ? ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ಅಕ್ಕನಿಗೆ ಮಾತ್ರ ಹೇಳ್ಬೇಡಿ, ಕೊಲ್ತಾರೆ."

ಅವರು ಹಾಗೆ ಮಾಡುತ್ತಿರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರು ಊರಿನಲ್ಲಿ ತೀರಿಕೊಂಡ ಸುದ್ದಿ ಅವರ ಮಗಳ ಫೋನಿನಿಂದ ಬಂತು. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ, "ಆ ಒಬ್ಬಾಂವ ಅವತ್ತ ಮೋಸ ಮಾಡಿದ್ನಲ್ಲ" ಎಂದು ಮತ್ತೆ ಶುರು ಮಾಡಿದಳು. ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಲಕ್ವಾ ಹೊಡೆಯಬೇಕಾದ ಕೈ ಇದೇ ಎಂದೆ.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಅವರಿಗೆ ಗೊತ್ತಿತ್ತೇನು?" ಎಂದು ಕೇಳಿದಳು.

"ಅವತ್ತೇ ಗೊತ್ತಿತ್ತಂತ."

"ಗೊತ್ತಿದ್ದೂ ನಮ್ಮ ಹುಡುಗಿ ಬಸ್ಸು ಮೊದಲ ರಿಪೇರಿ ಮಾಡಿದ್ರು?"

ನಾನು ಹೌದು ಎಂದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಅವತ್ತು ಅವಳು ನನಗೆ ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.