ಪಂಪು ನಿಲ್ಲಿಸಿದ ಮಳೆಗಾಲ

ಹೈದರಾಬಾದಿನ ಸನತ್‌ನಗರದಲ್ಲಿ ನಮ್ಮ ಮನೆಯ ಹಿಂದೆ ಒಂದು ಕಾರ್ಖಾನೆ ಇತ್ತು. ಅದು ಮುಚ್ಚಿ ಹೋದರೂ, ಯಂತ್ರ ತೊಳೆಯಲು ಬಳಸುತ್ತಿದ್ದ ರಾಸಾಯನಿಕ ನೆಲದೊಳಗೆ ಇಳಿದು ಓಣಿಯ ಬೋರ್‌ಗಳನ್ನೆಲ್ಲ ಕೆಡಿಸಿತ್ತು. ನಮ್ಮ ಬೋರಿಗೂ ಅಧಿಕಾರಿಗಳು ಸೀಲ್ ಹಾಕಿದರು. ಕಾರ್ಖಾನೆಯ ಅಂಗಳದಲ್ಲಿ ಮೂರು ಬಾವಿ ಕೊರೆದು, ಕೆಟ್ಟ ನೀರನ್ನು ಹಗಲೂ ರಾತ್ರಿ ಮೇಲೆತ್ತಿ ಶುದ್ಧ ಮಾಡುವ ಕೆಲಸ ಶುರುವಾಯಿತು. ಆ ಪಂಪುಗಳನ್ನು ಯಾವಾಗ ನಿಲ್ಲಿಸಬಹುದು ಎಂದು ಹೇಳಬೇಕಾದವಳು ನಾನು. ಅಂತರ್ಜಲವೇ ನನ್ನ ಓದು, ನನ್ನ ಉದ್ಯೋಗ. ನಾನು ಆ ಓಣಿಯವಳೇ ಎಂದು ಮೊದಲೇ ಎಲ್ಲರಿಗೂ ಹೇಳಿದ್ದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕೆಲವು ವರ್ಷಗಳಲ್ಲಿ ಪರೀಕ್ಷೆಯ ಫಲಿತಾಂಶ ಚೊಕ್ಕವಾಗಿ ಬರತೊಡಗಿತು. ಇನ್ನು ಕರೆಂಟು ಸುಡುವುದು ಯಾಕೆ, ಸಹಿ ಹಾಕಿಬಿಡಿ ಮೇಡಂ ಎಂದು, ಪಂಪಿನ ಖರ್ಚು ನೋಡಿಕೊಳ್ಳುತ್ತಿದ್ದ ಹಳೆಯ ಕಾರ್ಖಾನೆಯ ಮ್ಯಾನೇಜರು ತೆಲುಗಿನಲ್ಲಿ ದುಂಬಾಲು ಬಿದ್ದರು. ಮನೆಗೆ ಬಂದರೆ ಅವ್ವನದೂ ಅದೇ ರಾಗ.

"ಟ್ಯಾಂಕರ್ ನೀರು ಹಿಡದು ಹಿಡದು ನನ್ನ ಸೊಂಟ ಬಿದ್ದು ಹೋತು. ನೀರು ಚೊಕ್ಕ ಆಗೈತಿ ಅಂತ ನೀನಽ ಹೇಳ್ತಿ. ಬೋರಿನ ಸೀಲ್ ತೆಗಸಾಕ ನಿನಗೇನು ಧಾಡಿ?"

"ಪಂಪ್ ಓಡೂಮುಂದ ಚೊಕ್ಕ ಐತಿ ಅವ್ವ. ನಿಂತ ಮ್ಯಾಲ ಹೆಂಗಿರ್ತೈತಿ ನೋಡಬೇಕು."

ಇಬ್ಬರ ಕಣ್ಣಿಗೂ ನಾನು ಹಟಮಾರಿ. ಹೌದು, ಹಟಮಾರಿಯೇ. ಆದರೆ ಈ ಹಟ ಬಂದದ್ದು ಅವ್ವನಿಂದ. ಉಪ್ಪಿನಕಾಯಿ ಖಾಲಿಯಾದ ಭರಣಿಗೆ ತುಪ್ಪ ಹಾಕುವ ಮುಂಚೆ ಅವಳು ಅದನ್ನು ತೊಳೆದು ಒಣಗಿಸಿ, ಮುಚ್ಚಳ ಬಿಗಿದು ಒಂದು ದಿನ ಹಾಗೇ ಇಡುತ್ತಾಳೆ. ತೊಳೆದ ಕೂಡಲೇ ಯಾವ ಭರಣಿಯಿಂದಲೂ ವಾಸನೆ ಬರುವುದಿಲ್ಲ. ಮರುದಿನ ಮುಚ್ಚಳ ತೆಗೆದಾಗಲೇ ಗೊತ್ತಾಗುವುದು. ಹೈದರಾಬಾದಿನ ಬಂಡೆಯೂ ಹಾಗೆಯೇ. ಪಂಪು ಎಳೆಯುತ್ತಿರುವಾಗ ಸುತ್ತಲಿನ ಒಳ್ಳೆಯ ನೀರೇ ಹೆಚ್ಚಾಗಿ ಬರುತ್ತದೆ. ಬಿರುಕಿನಲ್ಲಿ ಕೂತ ಕೊಳೆ, ನೀರು ನಿಂತ ಮೇಲೆ ಮೆಲ್ಲಗೆ ಹೊರಗೆ ಬರುತ್ತದೆ.

ಪಂಪು ನಿಲ್ಲಿಸೋಣ, ಆದರೆ ಕಿತ್ತು ಹಾಕುವುದು ಬೇಡ, ಒಂದು ಮಳೆಗಾಲ ಕಳೆಯಲಿ, ಆಮೇಲೆ ಮಾತು ಎಂದೆ. ಮ್ಯಾನೇಜರು ಗೊಣಗುತ್ತಲೇ ಒಪ್ಪಿದರು. ಮಳೆ ಮುಗಿದ ಮೇಲೆ ನೋಡಿದರೆ ಎರಡು ಬಾವಿ ಚೊಕ್ಕ. ನಮ್ಮ ಓಣಿಗೆ ಹತ್ತಿರದ ಮೂರನೆಯದರಲ್ಲಿ ವಿಷ ಮತ್ತೆ ತಲೆ ಎತ್ತಿತ್ತು. ಅವಸರಪಟ್ಟಿದ್ದರೆ ಆ ನೀರನ್ನು ಅವ್ವನೇ ಕುಡಿಯುತ್ತಿದ್ದಳು. ಎರಡನ್ನು ಮುಚ್ಚಿಸಿ, ಮೂರನೆಯದನ್ನು ಮತ್ತೆ ಓಡಿಸಿದೆ. ಅವ್ವ ಸಿಡುಕುತ್ತಲೇ ಕೊಡ ಎತ್ತಿಕೊಂಡು ಮತ್ತೆ ಟ್ಯಾಂಕರ್ ಹತ್ತಿರ ಹೋದಳು.

ಹೋದ ವರ್ಷ ಅದನ್ನೂ ನಿಲ್ಲಿಸಿ ನೋಡಿದೆವು. ಮಳೆ ಬಂತು, ಹೋಯಿತು, ವಿಷ ಮರಳಲಿಲ್ಲ. ಓಣಿಯ ಬೋರ್‌ಗಳ ನೀರೂ ಸರಿಯಿತ್ತು. ಆಗ ಸಹಿ ಹಾಕಿದೆ.

ಸೀಲ್ ತೆಗೆದ ದಿನ ಅವ್ವ ಬೋರಿನ ನೀರನ್ನು ತಾಮ್ರದ ಕೊಡಕ್ಕೆ ತುಂಬಿದಳು. ನಾನು ಲೋಟ ಅದ್ದಲು ಹೋದರೆ ಕೈ ಹಿಡಿದಳು.

"ತಡಿ. ಮುಚ್ಚಿ ಇಡೂಣು. ನಾಳೆ ನೋಡೂಣು."

"ಲ್ಯಾಬ್ ರಿಪೋರ್ಟ್ ಬಂದೈತಿ ಅವ್ವ. ಈ ವಿಷ ಮೂಗಿಗೆ ತಿಳಿಯೂದಿಲ್ಲ."

"ಎರಡು ಮಳಿಗಾಲ ನನ್ನ ಕಾಯಿಸಿದಿ. ನೀ ಒಂದಿನ ಕಾಯಿ."

ಮರುದಿನ ಬೆಳಗ್ಗೆ ಮುಚ್ಚಳ ತೆಗೆದು, ಬಗ್ಗಿ, ಮೂಸಿದಳು. ನನ್ನ ಕಡೆ ನೋಡಲಿಲ್ಲ. ಆ ನೀರಿನಲ್ಲೇ ಇಬ್ಬರಿಗೂ ಚಹಾಕ್ಕಿಟ್ಟಳು.