ಲೈಸೆನ್ಸ್ ಅತ್ತೆ
ಡಿಸೈನ್ ಆಫೀಸಿನಲ್ಲಿ ಎಲ್ಲರೂ ಅವರನ್ನು ಬೆನ್ನ ಹಿಂದೆ ಲೈಸೆನ್ಸ್ ಅತ್ತೆ ಎನ್ನುತ್ತಾರೆ, ಎದುರಿಗೆ ಬರೀ ಅತ್ತೆ. ಯಾರು ಯಾವ ಫಾಂಟನ್ನು ಎಲ್ಲಿಂದ ತಂದರು ಎಂದು ಕೆದಕುವುದೇ ಅವರ ಕೆಲಸ. ನಾಳೆ ಆ್ಯಪ್ ಬಿಡುಗಡೆ ಎಂದು ಹುಡುಗರು ಕುಣಿಯುತ್ತಿದ್ದರೆ ಅತ್ತೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಇದನ್ನ ಪೋಸ್ಟರ್‌ಗೆ ಅಂತ ತಗೊಂಡಿದ್ದಲ್ವಾ? ಆ್ಯಪ್‌ಗೆ ಬೇರೆ ಲೈಸೆನ್ಸ್ ಬೇಕು. ವಾಸಕ್ಕೆ ಅಂತ ಬಾಡಿಗೆ ಹಿಡಿದ ಮನೇಲಿ ಹೋಟೆಲ್ ಇಡ್ತೀರಾ?" ಎಂದು ತಣ್ಣೀರೆರಚುತ್ತಾರೆ. ನೆಂಟರು ಮದುವೆಯ ಕರೆಯೋಲೆ ಕೊಟ್ಟರೆ ದಿನಾಂಕ ನೋಡುವ ಮೊದಲು, "ಈ ಅಕ್ಷರ ಎಲ್ಲಿಂದ ಇಳಿಸ್ಕೊಂಡ್ರಿ?" ಎಂದು ಮದುಮಗನ ಅಪ್ಪನ ಬೆವರಿಳಿಸುತ್ತಾರೆ. "ಪುಕ್ಕಟೆ ಸಿಕ್ತು" ಎಂದರೆ ಮುಗಿಯಿತು. "ಪುಕ್ಕಟೆ ಯಾತಕ್ಕೆ? ಮನೆ ಬಳಕೆಗೋ, ವ್ಯಾಪಾರಕ್ಕೋ?" ಇಂಥ ಅತ್ತೆ ಸಂಜೆ ಮನೆಗೆ ಹೋಗುವಾಗ ಬಸ್ ನಿಲ್ದಾಣದ ಹಿಂದಿನ ಗೋಡೆಯೆದುರು ನಿಂತುಬಿಡುತ್ತಾರೆ. ಅಲ್ಲಿ 'ಇಲ್ಲಿ ಮೂತ್ರ ಮಾಡಬಾರದು' ಎಂಬ ಫಲಕವಿದೆ. ಅದಕ್ಕೆಂದೇ ಬಂದ ಗಂಡಸರು ಅವರನ್ನು ಕಂಡು ಫೋನು ಹುಡುಕುವ ನಾಟಕವಾಡುತ್ತಾರೆ. ಆ ಅಕ್ಷರಗಳು, ತೀರಿಕೊಂಡ ಅವರ ಗಂಡ ವರ್ಷಗಟ್ಟಲೆ ಕೂತು ತಿದ್ದಿ ತೀಡಿ ಮಾಡಿದ ಫಾಂಟು. ಫಲಕ ಹಾಕಿದವರು ಯಾರನ್ನೂ ಕೇಳಿಲ್ಲ. "ನೋಟಿಸ್ ಕೊಡೋಣ್ವಾ ಅತ್ತೆ?" ಎಂದು ಒಮ್ಮೆ ಜೊತೆಗಿದ್ದ ಸಹೋದ್ಯೋಗಿ ಕೇಳಿದಳು. ಅತ್ತೆ ಸೆರಗಿನಿಂದ ಫಲಕದ ಧೂಳು ಒರೆಸಿದರು. "ಬೇಡ ಬಿಡು. ತೆಗೆಸಿಬಿಟ್ರೆ ದಿನಾ ಎಲ್ಲಿ ನೋಡ್ಲಿ ಇವರನ್ನ?"